ಗಾಜಿನಾಗ ನೀರಿತ್ತು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಯೂಸುಫ್ ಸಾಬನನ್ನು, ಅರವತ್ಮೂರು ತುಂಬಿದ ಮೇಲೆ, ಹಳೆಯ ಕೆಲಸವೊಂದು ಹುಡುಕಿಕೊಂಡು ಬಂತು. ಬಂದದ್ದು ಜೀಪಿನಲ್ಲಿ. ಇಳಿದವನು ಅದಿರು ಕಂಪನಿಯ ಎಂಜಿನಿಯರ್ ಶಿವಯೋಗಪ್ಪ. ಹರಪನಹಳ್ಳಿಯವನು, ಇನ್ನೂ ಮೂವತ್ತು ದಾಟದವನು, ಅಂಗಿಯ ಇಸ್ತ್ರಿ ಮುರಿಯದ ಹಾಗೆ ನಡೆಯುವವನು.

"ಗಿಡ್ಡೀನ ಓಡುಸ್ಬೇಕು ಸಾಬ್ರೆ. ನಿಮ್ಮನ್ನ ಬಿಟ್ರೆ ಅದರ ಹೊಟ್ಟೆ ಗೊತ್ತಿರೋರು ಯಾರೂ ಉಳಿದಿಲ್ಲಂತೆ" ಅಂದ.

ಗಿಡ್ಡಿ ಎಂದರೆ ಎರಡಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಸಣ್ಣ ಉಗಿ ಎಂಜಿನ್ನು. ಕೂಡ್ಲಿಗಿ ಕಡೆಯ ಗುಡ್ಡದಿಂದ ಕೊಟ್ಟೂರು ಸ್ಟೇಷನ್ನಿನ ಅಂಗಳಕ್ಕೆ ಕಂಪನಿಯ ಅದಿರು ಎಳೆಯುತ್ತಿತ್ತು. ಸ್ಟೇಷನ್ನಿಗೆ ಬರುವ ದೊಡ್ಡ ಗಾಡಿಯ ಪಕ್ಕ ನಿಂತರೆ ಅದರ ಎದೆಗೂ ಬರುತ್ತಿರಲಿಲ್ಲ, ಅದಕ್ಕೇ ಮಂದಿ ಆ ಹೆಸರಿಟ್ಟಿದ್ದರು. ಐವತ್ತೇಳರಲ್ಲಿ ಒಂದು ಅವಘಡವಾಯಿತು. ಅಷ್ಟರಲ್ಲಿ ಲಾರಿಗಳೂ ಬಂದಿದ್ದವು. ಕಂಪನಿಯವರು ಗಿಡ್ಡಿಯನ್ನು ಶೆಡ್ಡಿಗೆ ತಳ್ಳಿ ಬೀಗ ಹಾಕಿದರು. ಈಗ, ಎಂಬತ್ಮೂರರಲ್ಲಿ, ಯಾವುದೋ ದೊಡ್ಡ ಊರಿನ ಮ್ಯೂಸಿಯಮ್ಮಿನವರು ಅದನ್ನು ಕೇಳಿದ್ದರು. ಆದರೆ ತನ್ನ ಉಗಿಯಿಂದ ತಾನೇ ಓಡಬೇಕಂತೆ, ಸತ್ತ ಎಂಜಿನ್ನು ಅವರಿಗೆ ಬೇಡವಂತೆ. ಇಪ್ಪತ್ತಾರು ವರ್ಷ ಯಾರೂ ಕಣ್ಣೆತ್ತಿ ನೋಡದ ಗಿಡ್ಡಿಯ ಮೇಲೆ ಹೀಗೆ ಒಮ್ಮೆಲೇ ಅಕ್ಕರೆ ಉಕ್ಕಿತ್ತು. ದೊಡ್ಡವರ ಅಕ್ಕರೆ ಹಾಗೇ, ಬಂದರೆ ಜೀಪಿನಲ್ಲೇ ಬರುತ್ತದೆ.

ಶೆಡ್ಡಿನ ಬೀಗ ಒಡೆದು ಒಳಗೆ ಹೋದಾಗ ಹಳಿಗಳ ನಡುವೆ ಜಾಲಿ ಬೆಳೆದಿತ್ತು, ಹೊಗೆಕೊಳವೆಯಲ್ಲಿ ಗೊರವಂಕದ ಗೂಡಿತ್ತು. ಹಿತ್ತಾಳೆಯ ಸಾಮಾನು ಅರ್ಧಕ್ಕರ್ಧ ಮಾಯವಾಗಿತ್ತು. ಯೂಸುಫ್ ಸಾಬ ಬಾಯ್ಲರಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಒಂದು ಕಾಲಕ್ಕೆ ಬರಿಗೈಯಲ್ಲಿ ಮುಟ್ಟಲಾಗದ ಮೈ ಅದು. ಮುದುಕನಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಸುಂಕಪ್ಪ ನೆನಪಾದ. ಅಂಗೈ ಹಿಂದಕ್ಕೆ ತೆಗೆದುಕೊಂಡ.

ಸುಂಕಪ್ಪ ಗಿಡ್ಡಿಯ ಡ್ರೈವರ್. ಯೂಸುಫ್ ಸಾಬ ಅದರ ಫಿಟ್ಟರ್. ಇಬ್ಬರದೂ ಒಂದೇ ಓಣಿ, ಒಂದೇ ವಯಸ್ಸು, ಒಂದೇ ಬೀಡಿ ಕಟ್ಟು. ಬೆಳಿಗ್ಗೆ ಬೆಂಕಿ ಹಚ್ಚುವಾಗ ಒಬ್ಬ ಬಿಸ್ಮಿಲ್ಲಾ ಎನ್ನುತ್ತಿದ್ದ, ಇನ್ನೊಬ್ಬ ಉಚ್ಚಂಗೆವ್ವನ ಹೆಸರು ಹೇಳುತ್ತಿದ್ದ. ಎಂಜಿನ್ನು ಇಬ್ಬರ ಮಾತನ್ನೂ ಕೇಳಿ ಓಡುತ್ತಿತ್ತು.

ಅವಘಡ ಆದದ್ದು ಐವತ್ತೇಳರ ಬೇಸಿಗೆಯಲ್ಲಿ. ಉಗಿ ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಮುಖ್ಯ ನೀರು. ಬಾಯ್ಲರಿನೊಳಗೆ ಎಷ್ಟು ನೀರಿದೆ ಎಂದು ತೋರಿಸಲು ಡ್ರೈವರಿನ ಕಣ್ಣೆದುರಿಗೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ತಗ್ಗಿದರೆ ಗಾಜಿನಲ್ಲೂ ತಗ್ಗುತ್ತದೆ. ತೀರಾ ತಗ್ಗಿಹೋದರೆ, ಬೆಂಕಿಯ ಮೇಲಿನ ತಗಡಿಗೆ ಬಡಿದಿರುವ ಸೀಸದ ಬಿರಡೆ ಕರಗಿ, ಉಗಿ ಕೆಳಗೆ ನುಗ್ಗಿ ಬೆಂಕಿಯನ್ನು ಆರಿಸಿಬಿಡುತ್ತದೆ. ಆ ಮಧ್ಯಾಹ್ನ ಗುಡ್ಡದ ಏರಿನಲ್ಲಿ ಹಾಗೇ ಆಯಿತು. ಬೆಂಕಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್ ಬೆನಕಪ್ಪನ ಎರಡೂ ಕಾಲು ಬೆಂದುಹೋದವು. ಮತ್ತೆ ಅವನು ನೆಟ್ಟಗೆ ನಡೆಯಲಿಲ್ಲ.

"ಗಾಜಿನಾಗ ನೀರಿತ್ತು" ಅಂದ ಸುಂಕಪ್ಪ. "ಅರ್ಧ ಗಾಜು ನೀರಿತ್ತು ಸಾಹೇಬ್ರ, ನನ್ನ ಕಣ್ಣಾರೆ ನೋಡೀನಿ."

ಮದ್ರಾಸಿನಿಂದ ಬಂದ ಕಂಪನಿಯ ಸಾಹೇಬ ಸ್ಟೇಷನ್ ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಎಲ್ಲರನ್ನೂ ನಿಲ್ಲಿಸಿ ವಿಚಾರಣೆ ಮಾಡಿದ. ಗಾಜಿನಲ್ಲಿ ನೀರಿತ್ತು, ಬಾಯ್ಲರಿನಲ್ಲಿ ಇರಲಿಲ್ಲ ಎಂದರೆ ಗಾಜು ಸುಳ್ಳು ಹೇಳಿರಬೇಕು. ಗಾಜು ಕೂಡಿಸಿದವರು ಯಾರು ಎಂದು ಕೇಳಿದ. ಯೂಸುಫ್ ಸಾಬನಿಗೆ ಆಗ ಮೂವತ್ತೇಳು, ಮೀಸೆ ಕರ್ರಗಿತ್ತು, ತನ್ನಂಥ ಫಿಟ್ಟರ್ ಹೊಸಪೇಟೆಯಲ್ಲೂ ಇಲ್ಲ ಎಂಬ ಗುಂಗಿತ್ತು.

"ಗಾಜು ನಾನ ಹಾಕಿದ್ದು ಸಾಹೇಬ್ರ. ನನ್ನ ಕೈಕೆಲಸದಾಗ ತಪ್ಪು ಹುಡುಕಾಕ ಹೋಗಬ್ಯಾಡ್ರಿ" ಅಂದಿದ್ದ.

ಸಾಹೇಬ ಗಾಜನ್ನು ಬಿಚ್ಚಿಸಿ ನೋಡುವ ಗೋಜಿಗೇ ಹೋಗಲಿಲ್ಲ. ಡ್ರೈವರ್ ನಿದ್ದೆ ಹೊಡೆದಿದ್ದಾನೆ ಎಂದು ಬರೆದುಕೊಂಡ. ಸುಂಕಪ್ಪನ ಕೆಲಸ ಹೋಯಿತು. ಯೂಸುಫ್ ಸಾಬ ಬೇಕೆಂದು ಗೆಳೆಯನ ಮೇಲೆ ಹಾಕಿರಲಿಲ್ಲ, ತನ್ನ ಕೈಯನ್ನು ಅವನು ಅಷ್ಟು ನಂಬಿದ್ದ.

ಆಮೇಲೆ ಸುಂಕಪ್ಪ ಹತ್ತಿ ಬಿಡಿಸುವ ಜಿನ್ನಿನ ಗೇಟು ಕಾಯುವ ಕೆಲಸ ಹಿಡಿದ. ಗೆಳೆತನ ಮುರಿಯಲಿಲ್ಲ, ಸಂಜೆಯಾದರೆ ಇಬ್ಬರೂ ಜಿನ್ನಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಸುಂಕಪ್ಪ ನಡುನಡುವೆ ಅದೇ ಮಾತು ತೆಗೆಯುತ್ತಿದ್ದ. "ಲೇ ಯೂಸುಫ್, ಬೆಳಿಗ್ಗಿ ನಲ್ಲಿ ತಿರುವಿ ಪರೀಕ್ಷಾ ಮಾಡಿದ್ದೆಲೇ. ನೀರಿತ್ತು." ಯೂಸುಫ್ ಸಾಬ ಬೀಡಿ ಮುಂದೆ ಹಿಡಿದು "ಬಿಡಲೇ, ಆಗಿದ್ದು ಆಗ್ಯೋತು" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದನ್ನೇ ಅಂದ. ನಾನು ನಂಬುತ್ತೇನೆ ಎಂದು ಒಮ್ಮೆಯೂ ಅನ್ನಲಿಲ್ಲ.

ಕೆಲಸ ಹೋದ ನಾಲ್ಕನೆಯ ವರ್ಷಕ್ಕೆ ಸುಂಕಪ್ಪ ಇದ್ದಕ್ಕಿದ್ದಂತೆ ಕನ್ನಡಕ ಹಾಕಿಕೊಂಡು ಬಂದ. ಯೂಸುಫ್ ಸಾಬ ಕಾಡಿಸಿದ್ದೇ ಕಾಡಿಸಿದ್ದು. "ಏನ್ಲೇ, ಇಷ್ಟು ದೊಡ್ಡ ಗೇಟು ಕಾಣವಲ್ದೇನು ನಿನಗ?" ಸುಂಕಪ್ಪ ನಕ್ಕುಬಿಡುತ್ತಿದ್ದ. ಬರಬರುತ್ತ ನೀರಿನ ಮಾತೂ ಕಡಿಮೆಯಾಯಿತು. ಎಪ್ಪತ್ತೊಂಬತ್ತರಲ್ಲಿ ಹಾಸಿಗೆ ಹಿಡಿದಾಗ ಒಂದು ದಿನ ತಾನಾಗಿಯೇ ಅಂದ: "ನೀ ಹೇಳಿದ್ದ ಖರೆ ಇರಬೇಕಲೇ. ಗಾಜಿನಾಗ ನೀರು ಇರಲಿಲ್ಲ ಕಾಣ್ತತಿ." ಯೂಸುಫ್ ಸಾಬನಿಗೆ ಆ ಮಾತು ಕೇಳಿ ಮನಸ್ಸು ಹಗುರಾಗಿತ್ತು. ಅಂತೂ ಒಪ್ಪಿಕೊಂಡನಲ್ಲ, ನೆಮ್ಮದಿಯಿಂದ ಹೋಗುತ್ತಾನೆ ಎಂದುಕೊಂಡಿದ್ದ. ವಾರದೊಳಗೆ ಸುಂಕಪ್ಪ ತೀರಿಕೊಂಡ.

ಗಿಡ್ಡಿಯ ಕೆಲಸ ಯುಗಾದಿ ಕಳೆದ ಮೇಲೆ ಶುರುವಾಯಿತು. ಬಾಯ್ಲರಿನ ಒಳಗಿನ ಕೊಳವೆಗಳನ್ನೆಲ್ಲ ಕಿತ್ತು ಹೊಸವು ಹಾಕಬೇಕು, ಸೀಸದ ಬಿರಡೆ ಹೊಸದಾಗಬೇಕು, ಬೆಂಕಿಯ ಮೇಲಿನ ತಗಡು ಉಬ್ಬಿದ ಕಡೆ ತೇಪೆ ಬೀಳಬೇಕು. ವೆಲ್ಡಿಂಗಿಗೆ ಹೊಸಪೇಟೆಯಿಂದ ಇಬ್ಬರು ಬಂದರು. ಯೂಸುಫ್ ಸಾಬ ಅಂಗಡಿಗೆ ಬೀಗ ಹಾಕಿ ಶೆಡ್ಡಿನಲ್ಲೇ ಠಿಕಾಣಿ ಹೂಡಿದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. "ಈ ವಯಸ್ಸಿನಾಗ ನನಗ ಸವತಿ ತಂದ್ಯಲ್ಲ" ಎಂದು ಹೆಂಡತಿ ದಾವಲ್ ಬೀ ಬುತ್ತಿ ಹೊತ್ತು ಬಂದು ಬೈದು ಹೋಗುತ್ತಿದ್ದಳು.

ಒಂದು ಸೋಮವಾರ ಶೆಡ್ಡಿನ ಬಾಗಿಲಿಗೆ ಗಾಳೆಮ್ಮ ಬಂದು ನಿಂತಳು. ಸುಂಕಪ್ಪನ ಹೆಂಡತಿ. ಎಂಜಿನ್ನನ್ನು ನೋಡಿದವಳು ತಟಕ್ಕನೆ ಮುಖ ತಿರುಗಿಸಿದಳು.

"ಯೂಸುಫಣ್ಣ, ನಿನ್ನೆ ಹುಲುಗಿ ಊರಿಗೆ ಬಂದಿದ್ಲು" ಅಂದಳು. ಹುಲುಗಿ ಎಂದರೆ ಮಗಳು ಹುಲುಗಮ್ಮ, ಕೂಡ್ಲಿಗಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. "ಬೋರ್ಡ್ ಬರಿಯೋನ ಅಂಗಡಿ ಮುಂದ ಈ ಎಂಜಿನ್ನಿನ ಬೋರ್ಡ್ ಒಣಗಾಕ ಇಟ್ಟಿದ್ರಂತ. ಓದಿಕ್ಯಂಡು ಅಳ್ಕಂತ ಮನಿಗೆ ಬಂತು ಕೂಸು."

ಮ್ಯೂಸಿಯಮ್ಮಿಗೆ ಎಂಜಿನ್ನಿನ ಜೊತೆ ಹೋಗುವ ಬೋರ್ಡು ಅದು. ಎಲ್ಲಿ ತಯಾರಾಯಿತು, ಯಾವಾಗ ಬಂತು, ಎಷ್ಟು ಟನ್ ಎಳೆಯಿತು ಎಲ್ಲ ಬರೆದು, ಕಡೆಗೆ ಕಂಪನಿಯ ಹಳೆಯ ಕಾಗದದಿಂದ ಎತ್ತಿ ಒಂದು ಸಾಲು ಸೇರಿಸಿದ್ದರು: 'ಚಾಲಕ ಸುಂಕಪ್ಪನ ಅಜಾಗರೂಕತೆಯಿಂದ ಬಾಯ್ಲರಿನ ನೀರು ತಗ್ಗಿ, ೧೯೫೭ರಲ್ಲಿ ಈ ಎಂಜಿನ್ನಿನ ಓಡಾಟ ನಿಂತಿತು.'

"ಊರ ಮಂದಿ ಆಡಿಕ್ಯಂಡ್ರು, ಮರತ್ರು. ಈಗ ಬಣ್ಣದಾಗ ಬರದು ಪರಊರಿಗೆ ಕಳಸ್ತಾರ. ನೋಡಾಕ ಬಂದವ್ರೆಲ್ಲ ಓದ್ತಾರ. ನನ್ನ ಮೊಮ್ಮಕ್ಳೂ ಒಂದಿನ ಹೋಗಿ ಓದ್ತಾವು."

"ಕಂಪನಿ ಕಾಗದದಾಗ ಹಂಗ ಐತಿ ತಂಗಿ. ನಾ ಏನ್ ಮಾಡ್ಲಿ?"

"ನೀ ಅದರ ಹೊಟ್ಟಿ ಬಗದು ನೋಡಾಕತ್ತಿ. ನಮ್ಮನಿಯವ್ರ ಮಾತು ಖರೆ ಅನ್ನೋದು ಅದರಾಗ ಎಲ್ಲೆರ ಕಂಡ್ರ ಆ ಎಂಜಿನಿಯರಿಗೆ ಹೇಳು. ನೀ ಹೇಳಿದ್ರ ನಂಬ್ತಾರ. ಅವತ್ತೂ ನಿನ್ನ ಮಾತ ನಂಬಿದ್ರು."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಆದರೂ ಚುಚ್ಚಿತು. ನೋಡುತ್ತೇನೆ ಎಂದು ಮಾತು ಕೊಟ್ಟು ಕಳಿಸಿದ.

ನೋಡುವ ಕೆಲಸವನ್ನು ಯೂಸುಫ್ ಸಾಬ ಹದಿನೈದು ದಿನ ಮುಂದಕ್ಕೆ ಹಾಕಿದ. ಕೊಳವೆ ಬಡಿದ, ಚಕ್ರದ ಬೇರಿಂಗು ತಿಕ್ಕಿದ, ಸೀಟಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ. ಗಾಜಿನ ತಂಟೆಗೆ ಮಾತ್ರ ಹೋಗಲಿಲ್ಲ. ಕೊನೆಗೆ ಉಳಿದದ್ದು ಅದೊಂದೇ. ಅವತ್ತು ವೆಲ್ಡಿಂಗಿನವರು ಊಟಕ್ಕೆ ಹೋಗಿದ್ದರು. ಗಾಜು ಯಾವ ಕಾಲಕ್ಕೋ ಒಡೆದುಹೋಗಿ, ಕೆಳಗಿನ ನಟ್ಟಿನೊಳಗೆ ಎರಡಂಗುಲದ ಮೋಟು ಉಳಿದಿತ್ತು. ಸೀಮೆಎಣ್ಣೆ ಬಿಟ್ಟು, ತಾಸು ನೆನೆಸಿ, ಪಾನಾ ಹಾಕಿ ತಿರುವಿದ. ನಟ್ಟು ಬಿಚ್ಚಿಕೊಂಡಿತು.

ಗಾಜಿನ ಸುತ್ತ ಉಗಿ ಸೋರದ ಹಾಗೆ ರಬ್ಬರಿನ ಉಂಗುರ ಕೂಡಿಸುತ್ತಾರೆ. ಇಲ್ಲಿ ಎರಡಿದ್ದವು. ಕೆಳಗಿನದು ಕಾವಿಗೆ ಮೆತ್ತಗಾಗಿ ಜಾರಿ, ಗಾಜಿನ ಕೆಳತುದಿಯ ಕೆಳಗೆ ಮಡಚಿಕೊಂಡು, ಅದರ ಬಾಯನ್ನು ಪೂರಾ ಮುಚ್ಚಿ ಹಾಗೇ ಕಲ್ಲಾಗಿತ್ತು. ಯೂಸುಫ್ ಸಾಬ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಾಗಿಲ ಬೆಳಕಿಗೆ ಬಂದು, ತನ್ನ ದಪ್ಪ ಕನ್ನಡಕ ಸರಿಮಾಡಿಕೊಂಡ. ಉಂಗುರದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಇತ್ತು.

ಆ ಕಚ್ಚು ಅವನಿಗೆ ಗೊತ್ತಿತ್ತು. ಆ ಬೇಸಿಗೆಯಲ್ಲಿ ಮದ್ರಾಸಿನಿಂದ ಬರಬೇಕಾದ ಗಾಜು, ಉಂಗುರ ಎರಡೂ ಬಂದಿರಲಿಲ್ಲ. ಗಾಡಿ ನಿಲ್ಲಿಸುವುದು ಅವನಿಗೆ ಅವಮಾನ. ಸೈಕಲ್ ಹ್ಯಾಂಡಲ್ಲಿನ ಕೊಳವೆಯನ್ನು ಚೂಪು ಮಾಡಿ, ಲಾರಿ ಟ್ಯೂಬಿನಿಂದ ಉಂಗುರ ಕತ್ತರಿಸಿದ್ದ. ಆ ಕೊಳವೆಯ ಬಾಯಿ ಒಂದು ಕಡೆ ಮುಕ್ಕಾಗಿತ್ತು, ಕತ್ತರಿಸಿದ ಪ್ರತಿ ಉಂಗುರಕ್ಕೂ ಅದೇ ಕಚ್ಚು ಬೀಳುತ್ತಿತ್ತು. ಸಿಕ್ಕ ಗಾಜು ಅರ್ಧ ಬೆರಳು ಗಿಡ್ಡ. ಇರಲಿ ಎಂದು ಕೆಳಗೆ ಒಂದು ಉಂಗುರ ಹೆಚ್ಚಿಗೆ ಕೊಟ್ಟು ಬಿಗಿದಿದ್ದ. ನೋಡಲೇ ನನ್ನ ಕೈಚಳಕ ಎಂದು ಸುಂಕಪ್ಪನಿಗೆ ತೋರಿಸಿಯೂ ಇದ್ದ.

ಬೆಳಿಗ್ಗೆ ಉಂಗುರ ಗಟ್ಟಿಯಿತ್ತು, ಪರೀಕ್ಷೆಯಲ್ಲಿ ಗಾಜು ಸರಿ ತೋರಿಸಿತು. ಹೊತ್ತೇರಿದಂತೆ ಕಾವಿಗೆ ಇಳಿದು ಬಾಯಿ ಮುಚ್ಚಿತು. ಗಾಜಿನಲ್ಲಿದ್ದ ನೀರು ಅಲ್ಲೇ ನಿಂತುಬಿಟ್ಟಿತು, ಬಾಯ್ಲರಿನಲ್ಲಿ ತಗ್ಗುತ್ತಾ ಹೋಯಿತು. ಸುಂಕಪ್ಪ ಕಣ್ಣಾರೆ ಕಂಡದ್ದನ್ನೇ ಹೇಳಿದ್ದ.

ಯೂಸುಫ್ ಸಾಬ ಎಂಜಿನ್ನಿನ ಮೆಟ್ಟಿಲ ಮೇಲೆ ಕುಕ್ಕರಿಸಿದ. ಅಳು ಬರಲಿಲ್ಲ. ತನ್ನ ಕೈಯನ್ನು ನೋಡಿಕೊಂಡರೆ ಹೇಸಿಗೆಯಾಯಿತು.

ಮೂರು ದಿನ ಉಂಗುರ ಅವನ ಜೇಬಿನಲ್ಲಿತ್ತು. ನಾಲ್ಕನೆಯ ದಿನ ಅಂಗಿ ಒಗೆಯಲು ತೆಗೆದುಕೊಂಡ ದಾವಲ್ ಬೀ ಇದೇನು ಎಂದು ಕೇಳಿದಳು. ಹೇಳಿದ. ಸವತಿ ಎಂದು ಬಾಯಿತುಂಬ ಬೈದವಳು ಈಗ ಬೈಯಲಿಲ್ಲ. "ನೀ ಬೇಕಂತ ಮಾಡಿಲ್ಲ. ಆದ್ರ ಇನ್ನ ಮ್ಯಾಲೆ ಮುಚ್ಚಿಟ್ರ ಬೇಕಂತ ಮಾಡಿದಂಗ ಆಗ್ತತಿ" ಅಂದಳು.

ಅವತ್ತೇ ಯೂಸುಫ್ ಸಾಬ ಶಿವಯೋಗಪ್ಪನ ಮೇಜಿನ ಮೇಲೆ ಉಂಗುರ ಇಟ್ಟು ಎಲ್ಲ ಹೇಳಿದ. ಎಂಜಿನಿಯರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅರ್ಥವಾಗದವನೇನಲ್ಲ.

"ಇಪ್ಪತ್ತಾರು ವರ್ಷದ ಮಾತು ಸಾಬ್ರೆ. ಯಾಕೆ ಮೈಮೇಲೆ ಎಳಕಂತೀರಿ? ಆ ಸಾಲನ್ನೇ ಅಳಿಸಿ ಹಾಕುಸ್ತೀನಿ ಬಿಡ್ರಿ."

"ಅಳಸಬ್ಯಾಡ್ರಿ, ತಿದ್ದರಿ. ಫಿಟ್ಟರ್ ಯೂಸುಫನ ತಪ್ಪಿನಿಂದ ನಿಂತಿತು, ಡ್ರೈವರ್ ಸುಂಕಪ್ಪನ ತಪ್ಪು ಇರಲಿಲ್ಲ ಅಂತ ಬರೀರಿ."

"ಹೆಂಗ್ ಬರೀಲಿ? ಈಗ ರಿಪೇರಿ ಮಾಡಿದ ಫಿಟ್ಟರ್ ಯಾರು ಅಂತ ಕೇಳ್ತಾರೆ. ಅವನೇ ಇವನು ಅಂದ್ರೆ ಎಂಜಿನ್ನೇ ಬ್ಯಾಡ ಅಂತಾರೆ. ನಿಮ್ಮ ಎರಡು ತಿಂಗಳ ಕೆಲಸ ಮಣ್ಣಾಗುತ್ತೆ."

ಯೂಸುಫ್ ಸಾಬ ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಗಿಡ್ಡಿಯ ಉಸಿರು ಒಮ್ಮೆ ಕೇಳಬೇಕೆಂಬ ಆಸೆ ಅವನ ಬಾಯಿ ಕಟ್ಟಿತು. ಉಂಗುರವನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬಂದ. ಮರುದಿನ ಬೋರ್ಡಿನ ಕೊನೆಯ ಸಾಲಿನ ಮೇಲೆ ಕಪ್ಪು ಬಣ್ಣ ಬಿತ್ತು. ಸುಂಕಪ್ಪನ ತಪ್ಪು ಹೋಯಿತು, ಅವನ ಹೆಸರೂ ಹೋಯಿತು. ಅಂಥ ಡ್ರೈವರೊಬ್ಬ ಇದ್ದ ಎಂಬುದೇ ಅಲ್ಲಿ ಉಳಿಯಲಿಲ್ಲ.

ಉಗಿ ಎಬ್ಬಿಸುವ ದಿನ ಸ್ಟೇಷನ್ ಅಂಗಳದಲ್ಲಿ ಅರ್ಧ ಕೊಟ್ಟೂರು ನೆರೆದಿತ್ತು. ಚಕ್ರದಡಿ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಯೂಸುಫ್ ಸಾಬ ಬಿಸ್ಮಿಲ್ಲಾ ಎಂದ. ಒಂದು ಗಳಿಗೆ ತಡೆದು, ಯಾರಿಗೂ ಕೇಳಿಸದ ಹಾಗೆ, ಉಚ್ಚಂಗೆವ್ವನ ಹೆಸರನ್ನೂ ಹೇಳಿದ. ಹೊಸ ಗಾಜಿನಲ್ಲಿ ನೀರು ಏರಿ ಅರ್ಧಕ್ಕೆ ನಿಂತು ಸಣ್ಣಗೆ ತುಯ್ದಾಡುತ್ತಿತ್ತು. ಹಿಡಿ ಎಳೆದ. ಗಿಡ್ಡಿ ಒಮ್ಮೆ ಮೈ ಕೊಡವಿ, ಉಳಿದಿದ್ದ ಇನ್ನೂರು ಮಾರು ಹಳಿಯ ಮೇಲೆ ಹೋಗಿ ಬಂತು. ಮಂದಿ ಕೇಕೆ ಹಾಕಿದರು. ಮ್ಯೂಸಿಯಮ್ಮಿನವರು ಫೋಟೋ ತೆಗೆದರು. ಕುಂಟುತ್ತ ಬಂದಿದ್ದ ಬೆನಕಪ್ಪ ದೂರದಿಂದಲೇ ಕೈಮುಗಿದು ಹೊರಟುಹೋದ. ಇಷ್ಟು ವರ್ಷ ಕನಸು ಕಂಡ ಸದ್ದು ಅದು. ಯೂಸುಫ್ ಸಾಬನ ಕಿವಿಗೆ ಮಾತ್ರ ಅದರಲ್ಲಿ ಸಂತೋಷ ಸಿಗಲಿಲ್ಲ.

ಗಾಳೆಮ್ಮ ಬೋರ್ಡಿನ ಮುಂದೆ ನಿಂತಿದ್ದಳು. ಓದು ಬಾರದವಳು ಮಗಳಿಂದ ಓದಿಸಿಕೊಂಡು, ಕರಿ ಬಣ್ಣದ ಮೇಲೆ ಬೆರಳಾಡಿಸಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ನಿನ್ನ ಹೊಟ್ಟಿ ತಣ್ಣಗಿರ್ಲಿ ಅಣ್ಣಾ. ನಾಳಿ ಮಧ್ಯಾಹ್ನ ನಮ್ಮನಿಗೆ ಊಟಕ್ಕ ಬಾ" ಅಂದಳು.

ಮರುದಿನ ಹೋದ. ಬಾಗಿಲಲ್ಲೇ ಹೋಳಿಗೆಯ ವಾಸನೆ. ಉಂಗುರ ಜೇಬಿನಲ್ಲಿತ್ತು. ಚಾಪೆಯ ಮೇಲೆ ಕೂಡಿಸಿ, ಗಾಳೆಮ್ಮ ಪೆಟ್ಟಿಗೆಯಿಂದ ಒಂದು ಕನ್ನಡಕ ತೆಗೆದು ಅವನ ಕೈಗಿಟ್ಟಳು.

"ನಿನ್ನ ಗೆಳೆಯಂದು. ನೆನಪಿಗೆ ಇಟಗಾ."

ಯೂಸುಫ್ ಸಾಬ ತನ್ನ ದಪ್ಪ ಗಾಜಿನ ಕನ್ನಡಕ ತೆಗೆದಿಟ್ಟು, ಅದನ್ನು ಹಾಕಿಕೊಂಡ. ಗೋಡೆಯ ಮೇಲಿನ ಪಟ, ಗಾಳೆಮ್ಮನ ಮುಖ ಎಲ್ಲ ಮಂಜುಮಂಜು, ಏನೂ ಹಾಕಿಕೊಳ್ಳದಿದ್ದ ಹಾಗೇ.

"ಇದರಾಗ ನಂಬರ ಇಲ್ಲಲ್ಲ ತಂಗಿ. ಬರೇ ಸಾದಾ ಗಾಜು."

"ಹೂಂ, ಸಾದಾ ಗಾಜ" ಅಂದಳು ಗಾಳೆಮ್ಮ. "ಹರಪನಹಳ್ಯಾಗ ಕಣ್ಣಿನ ಡಾಕ್ಟ್ರು ಬಂದಿದ್ರು ನೋಡು, ಆವಾಗ ಇವ್ರು ಹೋಗಿದ್ರು. ಕಣ್ಣು ಸೋಸಿ ನೋಡಿ, ನಿನಗೇನೂ ಆಗಿಲ್ಲ, ಹದ್ದಿನ ಕಣ್ಣು ಅದಾವು ಅಂದ್ರಂತ ಡಾಕ್ಟ್ರು. ಇವ್ರು ಒಪ್ಪಲಿಲ್ಲ. ಯೂಸುಫ ಸುಳ್ಳು ಹೇಳಾಂವ ಅಲ್ಲ, ಅವನ ಕೈ ತಪ್ಪಾದಲ್ಲ, ಅಂದಮ್ಯಾಲೆ ನನ್ನ ಕಣ್ಣಿಗೆ ಏನೋ ಆಗೇತಿ ಅಂದ್ರು. ಸಂತ್ಯಾಗ ಇದನ್ನ ತಗಂಡು ಬಂದ್ರು. ಸಾಯೋ ತನಕ ತೆಗೀಲಿಲ್ಲ."

ಏನ್ಲೇ, ಇಷ್ಟು ದೊಡ್ಡ ಗೇಟು ಕಾಣವಲ್ದೇನು ಎಂದು ಯೂಸುಫ್ ಸಾಬ ಹದಿನೆಂಟು ವರ್ಷ ಕಾಡಿಸಿದ್ದ. ಸುಂಕಪ್ಪ ನಗುತ್ತಿದ್ದ. ಮುದುಕ ಜೇಬಿಗೆ ಕೈ ಹಾಕಿ ಉಂಗುರವನ್ನು ಚಾಪೆಯ ಮೇಲಿಟ್ಟ. ಲಾರಿ ಟ್ಯೂಬಿನಿಂದ ಹಿಡಿದು ಬೋರ್ಡಿನ ಕರಿ ಬಣ್ಣದವರೆಗೆ ಒಂದೂ ಬಿಡದೆ ಹೇಳಿದ. "ನೀರಿತ್ತು ತಂಗಿ. ಸುಂಕಪ್ಪ ಹೇಳಿದಂಗ ಅರ್ಧ ಗಾಜು ನೀರಿತ್ತು. ತಪ್ಪು ನನ್ನ ಕೈಯಾಗ ಇತ್ತು" ಎಂದು ಮುಗಿಸುವಾಗ ಹುಡುಗರ ಹಾಗೆ ಬಿಕ್ಕಿದ.

ಗಾಳೆಮ್ಮ ಮುಂದೆ ಬಾಗಿ, ಅವನ ಮುಖದ ಮೇಲಿಂದ ಕನ್ನಡಕವನ್ನು ತಾನೇ ತೆಗೆದುಕೊಂಡಳು. ಸೆರಗಿನಿಂದ ಎರಡೂ ಗಾಜು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

"ನನಗ ಯಾಕ ಹೇಳ್ತಿ ಅಣ್ಣಾ? ನಾ ಯಾವತ್ತೂ ಅವ್ರನ್ನ ನಂಬಿದ್ದೆ" ಅಂದಳು. "ನಂಬದವ್ರು ನೀವಿಬ್ರ. ಮೊದ್ಲು ನೀ. ನೀ ನಂಬಲಿಲ್ಲ ಅಂತ ಆಮ್ಯಾಲೆ ಅವ್ರು."

ಯೂಸುಫ್ ಸಾಬ ಏಳಲು ನೆಲಕ್ಕೆ ಕೈಯೂರಿದ.

"ಕುಂದರು. ಉಂಡು ಹೋಗು" ಅಂದಳು. "ಅವ್ರು ಇದ್ದಿದ್ರ ನಿನ್ನನ್ನ ಬರೇ ಹೊಟ್ಟೀಲೆ ಕಳಸ್ತಿರಲಿಲ್ಲ."

ತಾಟು ತಂದಿಟ್ಟು, ಹೋಳಿಗೆಯ ಮೇಲೆ ತುಪ್ಪ ಹಾಕಿ, ಅವಳು ಒಳಗೆ ಹೋದಳು. ಯೂಸುಫ್ ಸಾಬ ತನ್ನ ಕನ್ನಡಕ ಹಾಕಿಕೊಳ್ಳದೆ, ಕಂಡಷ್ಟು ಕಂಡಂತೆ, ತಲೆ ತಗ್ಗಿಸಿ ಉಂಡ.